ಮೊಳೆ ಎಂದರೇನು ಎಂದು ಕೇಳಿದವಳು

ಆಕೆಯ ನಿಜವಾದ ಹೆಸರು ನಮ್ಮ ವಾರ್ಡಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಆಕೆ ಆಮೇಲಕ್ಕ. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸುಗಳು ಈ ಅಡ್ಡಹೆಸರು ಕೇಳಿ, ಬಂದ ಕೆಲಸವನ್ನೆಲ್ಲ ‘ಆಮೇಲೆ, ಆಮೇಲೆ’ ಎಂದು ಮುಂದೂಡುವ ಸೋಮಾರಿ ಇರಬೇಕು ಅಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಅದನ್ನು ತಿದ್ದಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು, ಮತ್ತು ತಿದ್ದಿಕೊಂಡ ದಿನ ನನ್ನ ಮುಖ ನೋಡುವ ಹಾಗಿರಲಿಲ್ಲ.

ವಾರ್ಡಿಗೆ ಯಾರೇ ಸೇರಿದರೂ ನಾಲ್ಕು ಪುಟದ ಒಂದು ಫಾರಂ ತುಂಬಬೇಕು. ಏನು ತೊಂದರೆ, ಯಾವ ಮಾತ್ರೆ, ನಿದ್ದೆ ಹೇಗೆ, ಮನೆಯಲ್ಲಿ ಯಾರಿದ್ದಾರೆ, ಏನಾದರೂ ಅಭ್ಯಾಸ ಉಂಟೇ, ನೆನಪು ಸರಿಯಿದೆಯೇ. ನಾನು ಅದನ್ನು ಹನ್ನೊಂದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಇಡೀ ಆಸ್ಪತ್ರೆಯಲ್ಲಿ ನನ್ನಷ್ಟು ಬೇಗ ಮುಗಿಸುವವರಿಲ್ಲ ಎಂಬ ಜಂಬ ಬೇರೆ. ಆಮೇಲಕ್ಕನಿಗೆ ನಲವತ್ತು ನಿಮಿಷ ಬೇಕು. ಆಕೆ ಮೊದಲು ಒಂದು ಕುಳ್ಳ ಸ್ಟೂಲು ಎಳೆದುಕೊಂಡು, ರೋಗಿಯ ಮುಖಕ್ಕಿಂತ ತನ್ನ ಮುಖ ಕೆಳಗಿರುವ ಹಾಗೆ ಕೂರುತ್ತಾಳೆ. ಪೆನ್ನು ಜೇಬಿನಿಂದ ಹೊರಗೇ ಬರುವುದಿಲ್ಲ. ‘ನಿಮ್ಮನ್ನ ಏನಂತ ಕರೀಲಿ?’ ಎಂದು ಕೇಳುತ್ತಾಳೆ. ಒಂದು ಪ್ರಶ್ನೆ ಹಾಕಿ, ಉತ್ತರ ಬಂದ ಮೇಲೂ ಸುಮ್ಮನೆ ಕೂತು, ‘ಆಮೇಲೆ?’ ಅನ್ನುತ್ತಾಳೆ. ಆ ಹೆಸರು ಬಂದದ್ದು ಅಲ್ಲಿಂದ.

ಒಂದು ಉದಾಹರಣೆ ಕೊಡದಿದ್ದರೆ ಇದು ಅರ್ಥವಾಗುವುದಿಲ್ಲ. ಮೂಟೆ ಹೊರುವ ಒಬ್ಬಾತ ಕೆಮ್ಮು ಎಂದು ಬಂದಿದ್ದ. ‘ಏನಾದ್ರೂ ಅಭ್ಯಾಸ ಇದೆಯಾ?’ ಎಂದು ಕೇಳಿದೆ. ‘ಬೆಳಿಗ್ಗೆ ಬೇಗ ಏಳೋ ಅಭ್ಯಾಸ ಇದೆ ಸಿಸ್ಟರ್’ ಅಂದ. ನಾನು ‘ದುಶ್ಚಟವಿಲ್ಲ’ ಎಂದು ಬರೆದು ಮುಂದಿನ ಹಾಸಿಗೆಗೆ ಹೋದೆ. ಆಮೇಲಕ್ಕ ಅದೇ ಮನುಷ್ಯನ ಹತ್ತಿರ ಕೂತು, ‘ಬೇಗ ಎದ್ದು? ಆಮೇಲೆ?’ ಅಂದಳು. ‘ಎದ್ದು ಒಂದು ಸಿಗರೇಟು.’ ‘ಆಮೇಲೆ?’ ‘ಕೆಲಸಕ್ಕೆ ಹೋಗ್ತಾ ಇನ್ನೊಂದು.’ ಹೀಗೆ ಅವನ ಜೊತೆ ನಡೆಯುತ್ತಾ ನಡೆಯುತ್ತಾ ಮಧ್ಯಾಹ್ನದ ಊಟಕ್ಕೆ ಬರುವಷ್ಟರಲ್ಲಿ ಹದಿನಾಲ್ಕು ಸಿಗರೇಟು ಆಗಿತ್ತು. ಅವನು ಸುಳ್ಳು ಹೇಳಿರಲಿಲ್ಲ. ಎಲ್ಲರೂ ಮಾಡುವುದನ್ನು ಅವನ ಜೊತೆಯವರು ಅಭ್ಯಾಸ ಅನ್ನುವುದಿಲ್ಲ, ಅಷ್ಟೆ.

‘ನಿಮಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಅಕ್ಕ?’ ಎಂದು ಒಮ್ಮೆ ಕೇಳಿದ್ದೆ. ಆಕೆಯ ಗಂಡ ಬಸ್ ಡ್ರೈವರ್. ದಿನಕ್ಕೆ ಮೂರು ಮಾತಾಡಿದರೆ ಅವತ್ತು ಹೆಚ್ಚು. ‘ಮನೇಲಿ ಅವರ ಬಾಯಿ ಬಿಡಿಸಿ ಬಿಡಿಸಿ ಕೈ ಪಳಗಿದೆ ಕಣೆ’ ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಇನ್ನೊಂದು ಹೇಳಿದಳು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಬಾಣಂತಿಗೆ ‘ನೋವಿದೆಯಾ?’ ಎಂದು ಕೇಳಿದ್ದಳಂತೆ. ಆಕೆ ‘ಪರವಾಗಿಲ್ಲ’ ಅಂದಳು. ಇವಳು ‘ನೋವಿಲ್ಲ’ ಎಂದು ಬರೆದಳು. ಸಂಜೆಯ ಹೊತ್ತಿಗೆ ಆ ಹೆಂಗಸನ್ನು ಓಡೋಡಿ ಆಪರೇಷನ್ ಕೋಣೆಗೆ ಒಯ್ಯಬೇಕಾಯಿತು. ಬದುಕಿದಳು, ಸ್ವಲ್ಪದರಲ್ಲಿ. ‘ಪರವಾಗಿಲ್ಲ ಅಂದ್ರೆ ಏನೋ ಇದೆ ಅಂತಾನೇ ಅರ್ಥ. ನಿಮಗ್ಯಾಕೆ ತೊಂದರೆ ಕೊಡ್ಲಿ ಅಂತ ಅಷ್ಟಕ್ಕೇ ನಿಲ್ಲಿಸ್ತಾರೆ. ನಾವು ಅಲ್ಲಿಂದ ಶುರು ಮಾಡ್ಬೇಕು’ ಅಂದಳು. ನಾನು ತಲೆಯಾಡಿಸಿದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಇನ್ನು ಆ ಮುದುಕರ ವಿಷಯ.

ಒಂದು ಸೋಮವಾರ ಬೆಳಿಗ್ಗೆ ಎಪ್ಪತ್ತೊಂದು ವರ್ಷದ ಒಬ್ಬರು ಮೆಟ್ಟಿಲಿಂದ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡು ಬಂದರು. ತುರ್ತು ವಿಭಾಗದವರು ಪ್ಲಾಸ್ಟರ್ ಹಾಕಿ, ‘ಎಚ್ಚರವಾಗಿದ್ದಾರೆ, ತಾರೀಖು ಸರಿಯಾಗಿ ಹೇಳಿದರು’ ಎಂದು ಬರೆದು ನಮ್ಮ ವಾರ್ಡಿಗೆ ಕಳಿಸಿದರು. ಮೂರನೇ ಮಹಡಿಯ ಪುಟ್ಟ ಮನೆಯಲ್ಲಿ ಅವರು ಮತ್ತು ಮಗಳು, ಇಬ್ಬರೇ. ಮಗಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಅಷ್ಟು ಹೊತ್ತೂ ಮನೆಯಲ್ಲಿ ಮುದುಕರು ಒಬ್ಬರೇ.

ಮಧ್ಯಾಹ್ನ ಮೂರೂವರೆಗೆ ನಾನು ಫಾರಂ ಹಿಡಿದು ಅವರ ಎದುರು ಕೂತೆ. ಆಮೇಲಕ್ಕ ಅವತ್ತು ರಜೆಯಲ್ಲಿದ್ದಳು.

‘ಏನ್ ತಾತ, ಏನ್ ಕೆಲಸ ಮಾಡ್ತಿದ್ರಿ?’

‘ಮೊಳೆ ಜೋಡಿಸ್ತಿದ್ದೆ.’

ಬಡಗಿ ಎಂದು ಬರೆದೆ. ‘ಈಗೇನಾದ್ರೂ ತೊಂದರೆ?’

‘ಈಗ ಮೊಳೆ ಎಲ್ಲಿದೆಯಮ್ಮ. ಎಲ್ಲಾ ಹೋಯ್ತು. ಆದ್ರೂ ಬೆರಳು ಸುಮ್ನಿರಲ್ಲ.’

ಮೊಳೆ ಹೋಯಿತೆಂದರೆ ಯಾವ ಮೊಳೆ? ಹಿಂದೆ ಮೂಲವ್ಯಾಧಿಯ ಮೊಳೆ ಇತ್ತೇನೋ ಎಂದು ‘ಮೊಳೆರೋಗ, ಈಗ ಗುಣ’ ಎಂದು ಸೇರಿಸಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಾನು. ಮುದುಕರು ಮುಂದುವರಿಸಿದರು: ‘ಅದ್ರಲ್ಲೂ ದೀರ್ಘದ ಮೊಳೆ ಯಾವಾಗ್ಲೂ ಕಮ್ಮಿ ಬೀಳ್ತಿತ್ತು. ಪಕ್ಕದೋರ ಹತ್ರ ಸಾಲ ತರ್ಬೇಕಿತ್ತು.’ ನಾನು ಪೆನ್ನು ನಿಲ್ಲಿಸಿ ಅವರ ಮುಖ ನೋಡಿದೆ. ಬಲಗೈ ಬೆರಳುಗಳು ಗಾಳಿಯಲ್ಲಿ ಏನನ್ನೋ ಹೆಕ್ಕಿ ಹೆಕ್ಕಿ ಪ್ಲಾಸ್ಟರ್ ಹಾಕಿದ ಎಡಗೈಯಲ್ಲಿ ಇಡುತ್ತಿದ್ದವು. ಗಾಳಿಯಲ್ಲಿ ಹೆಕ್ಕುವುದು ಬುದ್ಧಿ ಕಲಕಿದವರ ಲಕ್ಷಣ ಎಂದು ನಮ್ಮ ಪಾಠದಲ್ಲಿತ್ತು.

‘ತಾತ, ಇವತ್ತು ಯಾವ ವಾರ? ಎಷ್ಟನೇ ತಾರೀಖು?’

‘ಮಂಗಳವಾರ, ಹದಿಮೂರು.’

ಅವತ್ತು ಸೋಮವಾರ, ಹನ್ನೆರಡು. ಬೆಳಿಗ್ಗೆ ಸರಿ, ಹೊತ್ತು ಇಳಿಯುತ್ತಿದ್ದಂತೆ ಗೊಂದಲ. ಮರೆವಿನ ಕಾಯಿಲೆಯವರು ಹೀಗೇ ಎಂದು ಅದೂ ಪಾಠದಲ್ಲಿತ್ತು. ನನಗಂತೂ ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದಷ್ಟು ಖುಷಿ. ಫಾರಂ ಮೇಲೆ ಚಕಚಕನೆ ಬರೆದೆ: ಅಸಂಬದ್ದ ಮಾತು. ಗೊಂದಲ. ಮರೆವು. ತಲೆ ಎತ್ತಿ ಮುಂದಿನ ಪ್ರಶ್ನೆ ಕೇಳಿದರೆ ಮುದುಕರು ಬಾಯಿ ಮುಚ್ಚಿಕೊಂಡಿದ್ದರು. ಜಪ್ಪಯ್ಯ ಅಂದರೂ ಆ ಬಾಯಿ ತೆರೆಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ‘ಸಹಕರಿಸುವುದಿಲ್ಲ’ ಎಂದೂ ಬರೆದು ಎದ್ದೆ. ಹತ್ತೇ ನಿಮಿಷ. ನನ್ನದೇ ದಾಖಲೆ ಮುರಿದಿದ್ದೆ.

ಮಾರನೆಯ ದಿನ ಬೆಳಿಗ್ಗೆ ಚಿಕ್ಕ ಡಾಕ್ಟರು ಮಗಳನ್ನು ಕರೆದು ಹೇಳಿದರು. ಮರೆವಿನ ಕಾಯಿಲೆ ಇದ್ದವರನ್ನು ಹಗಲಿಡೀ ಒಬ್ಬರೇ ಮನೆಯಲ್ಲಿ ಬಿಡುವ ಹಾಗಿಲ್ಲ, ಬಿದ್ದದ್ದೂ ಅದರಿಂದಲೇ ಇರಬೇಕು. ಬುಧವಾರ ಮಧ್ಯಾಹ್ನ ದೊಡ್ಡ ಡಾಕ್ಟರು ನೋಡಿ ಸಹಿ ಹಾಕಿದರೆ, ಇಲ್ಲಿಂದ ನೇರ ವೃದ್ಧರ ಆರೈಕೆ ಕೇಂದ್ರಕ್ಕೆ. ಮಗಳು ಕಾರಿಡಾರಿನ ಬೆಂಚಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ‘ಕೆಲಸ ಬಿಟ್ರೆ ಊಟಕ್ಕಿಲ್ಲ, ಬಿಡದಿದ್ರೆ ಅಪ್ಪ ಇಲ್ಲ’ ಅಂದಳು. ನನಗೆ ಕನಿಕರವಾಯಿತು. ಆದರೆ ನನ್ನ ಬರವಣಿಗೆಯ ಮೇಲೆ ಅನುಮಾನ ಮಾತ್ರ ಹುಟ್ಟಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮಂಗಳವಾರ ಮಧ್ಯಾಹ್ನ ಆಮೇಲಕ್ಕ ಪಾಳಿಗೆ ಬಂದಳು. ನನ್ನ ಫಾರಂ ಎರಡು ಸಲ ಓದಿದಳು.

‘ಬಡಗಿ ಅಂತೀಯ. ಕೈ ನೋಡಿದ್ರೆ ಒಂದು ಗಾಯದ ಗುರುತಿಲ್ಲ. ಎಂಥಾ ಬಡಗಿನೇ ಇವರು?’

‘ಅವರೇ ಹೇಳಿದ್ದು ಅಕ್ಕ, ಮೊಳೆ ಜೋಡಿಸ್ತಿದ್ದೆ ಅಂತ.’

‘ಬಡಗಿ ಮೊಳೆ ಹೊಡೀತಾನೆ. ಜೋಡಿಸ್ತಾನಾ?’

ಆಕೆ ಸ್ಟೂಲು ಎಳೆದುಕೊಂಡು ಮುದುಕರ ಹತ್ತಿರ ಕೂತಳು. ನಾನು ಪಕ್ಕದ ಹಾಸಿಗೆಯವರ ರಕ್ತದೊತ್ತಡ ನೋಡುವ ನೆಪದಲ್ಲಿ ಮೈಯೆಲ್ಲ ಕಿವಿಯಾಗಿ ನಿಂತೆ. ಹದಿನೈದು ನಿಮಿಷ ಯಾರೂ ಮಾತಾಡಲಿಲ್ಲ. ಆ ಹದಿನೈದು ನಿಮಿಷದಲ್ಲಿ ನಾನಾಗಿದ್ದರೆ ಒಂದೂವರೆ ಫಾರಂ ಮುಗಿಸಿರುತ್ತಿದ್ದೆ. ಮುದುಕರ ಕಣ್ಣು ಎದುರು ಗೋಡೆಯ ಮೇಲಿತ್ತು, ಬೆರಳುಗಳು ಹೆಕ್ಕುತ್ತಲೇ ಇದ್ದವು. ಆಮೇಲಕ್ಕ ಅವರ ಕಣ್ಣು ಹೋದ ಕಡೆ ನೋಡಿದಳು. ಅಲ್ಲಿದ್ದದ್ದು ‘ದಯವಿಟ್ಟು ಗದ್ದಲ ಮಾಡಬೇಡಿ’ ಎಂಬ ಬೋರ್ಡು. ಮತ್ತೆ ಬೆರಳು ನೋಡಿದಳು.

‘ಏನು ಎತ್ತಿಡ್ತಾ ಇದೀರಿ?’ ಅಂದಳು, ಮೆಲ್ಲಗೆ.

ಮುದುಕರು ಮೊದಲ ಸಲ ತಿರುಗಿದರು. ‘ಮೊಳೆ.’

‘ನನಗೆ ಗೊತ್ತಿಲ್ಲ, ಅದಕ್ಕೆ ಕೇಳ್ತೀನಿ. ನಿಮ್ಮ ಕಸುಬಲ್ಲಿ ಮೊಳೆ ಅಂದ್ರೇನು?’

ಅವರು ಆಕೆಯನ್ನು ಒಂದು ಕ್ಷಣ ನೋಡಿದರು. ‘ಅಕ್ಷರ ಕಣಮ್ಮ. ಅಚ್ಚಿನ ಮೊಳೆ. ಸೀಸದ್ದು. ಒಂದೊಂದು ಮೊಳೆ ಮೇಲೆ ಒಂದೊಂದು ಅಕ್ಷರ. ಮೂವತ್ತೆಂಟು ವರ್ಷ ದಿನಪತ್ರಿಕೆಗೆ ಮೊಳೆ ಜೋಡಿಸಿದೀನಿ. ಈಗ ಎಲ್ಲಾ ಕಂಪ್ಯೂಟರ್. ಆದ್ರೂ ಏನು ಓದಿದ್ರೂ ಬೆರಳು ತಾನೇ ಜೋಡಿಸುತ್ತೆ. ಬಸ್ಸಲ್ಲಿ ಕೂತ್ರೆ ಅಂಗಡಿ ಬೋರ್ಡೆಲ್ಲಾ ಜೋಡಿಸಿಬಿಡ್ತೀನಿ, ಮಗಳು ಬೈತಾಳೆ.’

ನನ್ನ ಕೈಯಲ್ಲಿದ್ದ ರಬ್ಬರ್ ಉಂಡೆ ಹಿಸುಕುವುದು ಮರೆತುಹೋಯಿತು. ಹಾಸಿಗೆಯ ರೋಗಿ ‘ಸಿಸ್ಟರ್, ಕೈ ಮರಗಟ್ಟಿತು’ ಎಂದು ನೆನಪಿಸಬೇಕಾಯಿತು.

‘ಆಮೇಲೆ?’ ಅಂದಳು ಆಮೇಲಕ್ಕ.

ಕಟ್ಟೆ ಒಡೆದಂತೆ ಮಾತು ಹರಿಯಿತು. ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರಂತೆ, ಎಂಥ ಪಂಡಿತರ ಬರಹದಲ್ಲೂ ತಪ್ಪು ಹಿಡಿಯುತ್ತಿದ್ದದ್ದಕ್ಕೆ. ಹೋದ ವಾರ ಹೊಸ ಕನ್ನಡಕ ಬಂದಿತ್ತು, ಮೇಲೊಂದು ಗಾಜು ಕೆಳಗೊಂದು ಗಾಜು. ಕೆಳಗಿನ ಗಾಜಿನಲ್ಲಿ ಮೆಟ್ಟಿಲು ಕಲಸಿದ ಹಾಗೆ ಕಂಡು ಕಾಲು ತಪ್ಪಿತು. ಬಿದ್ದದ್ದಕ್ಕೆ ಕಾರಣ ಮರೆವಲ್ಲ, ಕನ್ನಡಕ. ಇದನ್ನು ನಾನು ಕೇಳಿಯೇ ಇರಲಿಲ್ಲ.

‘ಇವತ್ತು ಯಾವ ವಾರ ಮೇಷ್ಟ್ರೇ?’

‘ಬುಧವಾರ.’

ಅವತ್ತು ಮಂಗಳವಾರ. ನಾನು ಅಲ್ಲಿಂದಲೇ ಹುಬ್ಬು ಹಾರಿಸಿದೆ, ನೋಡಿದಿರಾ ಅನ್ನುವಂತೆ. ಆಮೇಲಕ್ಕ ನನ್ನ ಕಡೆ ನೋಡಲೂ ಇಲ್ಲ. ‘ಬುಧವಾರ. ಹ್ಞೂಂ. ಅದ್ಹೇಗೆ?’

‘ಮಧ್ಯಾಹ್ನ ಎರಡೂವರೆಗೆ ಪ್ರೆಸ್ಸಿಗೆ ಹೋದ ತಕ್ಷಣ ಮೊದಲು ಜೋಡಿಸೋದೇ ನಾಳೆ ತಾರೀಖು, ನಾಳೆ ವಾರ. ಪತ್ರಿಕೆ ಜನರ ಕೈ ಸೇರೋದು ನಾಳೆ ತಾನೆ? ಕೆಲಸ ಬಿಟ್ಟ ಮೇಲೂ ನಮ್ಮ ಮನೇಲಿ ಎರಡೂವರೆಗೆ ದಿನ ಮುಗೀತು.’

ಬೆಳಿಗ್ಗೆ ಸರಿ, ಮಧ್ಯಾಹ್ನ ಗೊಂದಲ. ನನ್ನ ಪಾಠದ ಲಕ್ಷಣ ಅಲ್ಲೇ ನೆಲಕ್ಕೆ ಬಿತ್ತು. ಆದರೆ ಗಾಯದ ಮೇಲಿನ ಬರೆ ಇನ್ನೂ ಬಾಕಿ ಇತ್ತು.

‘ಮತ್ತೆ ನಿನ್ನೆಯಿಂದ ಯಾಕೆ ಮಾತು ಬಿಟ್ರಿ?’

ಮೇಷ್ಟ್ರು ಗದ್ದದಿಂದ ನನ್ನ ಕಡೆ ತೋರಿಸಿದರು. ‘ಆ ಸಿಸ್ಟರ್ ನನ್ನೆದುರಿಗೇ ಕೂತು ಅಸಂಬದ್ಧ ಮಾತು ಅಂತ ಬರೆದ್ರು. ನನ್ನ ಮಾತು ಅಸಂಬದ್ಧ ಅಂದ್ಮೇಲೆ ಮಾತಾಡಿ ಏನು ಬಂತು? ಬಾಯಿ ಬಿಟ್ಟಷ್ಟೂ ಬರ್ಕೋತಾರೆ. ಸುಮ್ಮನಾದೆ.’

‘ಕಾಗದ ಅವಳ ಕಡೆ ತಿರುಗಿತ್ತಲ್ಲ, ನಿಮಗೆ ಹೇಗೆ ಕಾಣಿಸ್ತು?’

‘ತಲೆಕೆಳಗಾಗಿ ತಾನೆ ಇದ್ದಿದ್ದು?’ ಮೇಷ್ಟ್ರು ಮೊದಲ ಸಲ ನಕ್ಕರು. ‘ಮೊಳೆ ಮೇಲೆ ಅಕ್ಷರ ಉಲ್ಟಾನೇ ಇರೋದು. ನಾನು ಜೀವಮಾನವೆಲ್ಲ ಓದಿದ್ದೇ ಉಲ್ಟಾ. ಸೀದಾ ಇದ್ರೇ ಸ್ವಲ್ಪ ನಿಧಾನ.’ ನಗು ಹಾಗೇ ಇಟ್ಟುಕೊಂಡು ಸೇರಿಸಿದರು: ‘ಇನ್ನೊಂದು ಮಾತು. ಅಸಂಬದ್ಧಕ್ಕೆ ದ ಕೆಳಗೆ ಧ ಒತ್ತು. ಅವರು ದ ಒತ್ತೇ ಹಾಕಿದಾರೆ.’

ಫಾರಂ ತೆಗೆದು ನೋಡಿದೆ. ಹಾಕಿದ್ದೆ. ಅಸಂಬದ್ಧ ಮಾತಾಡುತ್ತಾರೆ ಎಂದು ನಾನು ಷರಾ ಬರೆದ ಮನುಷ್ಯ, ಮೂರು ಅಡಿ ದೂರದಿಂದ, ತಲೆಕೆಳಗಾಗಿ, ನನ್ನ ‘ಅಸಂಬದ್ಧ’ವನ್ನು ತಿದ್ದಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಔಷಧಿ ಕೋಣೆಗೆ ಹೋಗಿ ಹತ್ತಿ ಬಟ್ಟೆ ಮಡಚುತ್ತಾ ನಿಂತೆ.

ಸ್ವಲ್ಪ ಹೊತ್ತಿಗೆ ಆಮೇಲಕ್ಕ ಅಲ್ಲಿಗೇ ಬಂದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು.

‘ಅಕ್ಕ, ನಾಳೆ ದೊಡ್ಡ ಡಾಕ್ಟರು ಬರೋದೂ ಮೂರು ಗಂಟೆ ಮೇಲೇ. ಇವರು ಮತ್ತೆ ನಾಳಿದ್ದಿನ ವಾರ ಹೇಳ್ತಾರೆ. ಇವತ್ತಿನದನ್ನೇ ಹೇಳಿ ಅಂತ ಮೊದ್ಲೇ ಹೇಳಿಕೊಟ್ಟುಬಿಡೋಣ.’

‘ಬೇಡ. ಹೇಳಿಕೊಟ್ಟ ಉತ್ತರ ಹೇಳಿ ಗೆದ್ರೆ, ಗೆದ್ದಿದ್ದು ನಾವು. ಅವರು ಮನೆಗೆ ಹೋಗೋದು ಅವರ ಬುದ್ಧಿಯಿಂದ ಹೋಗ್ಲಿ.’

‘ಸೋತ್ರೆ?’

ಆಕೆ ನಾನು ಮಡಚಿದ ಬಟ್ಟೆಯನ್ನು ಬಿಚ್ಚಿ ಸರಿಯಾಗಿ ಮಡಚಿದಳು.

ಬುಧವಾರ ಮೂರೂಕಾಲಿಗೆ ದೊಡ್ಡ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ, ಆದರೆ ಗಡಿಯಾರ ನೋಡಿಕೊಂಡೇ ‘ನಮಸ್ಕಾರ’ ಹೇಳುವವರು. ಮಗಳು ಅರ್ಧ ದಿನ ರಜೆ ಹಾಕಿ ಬಂದು ಹಾಸಿಗೆಯ ಕಾಲ ಬಳಿ ನಿಂತಿದ್ದಳು. ಆಮೇಲಕ್ಕ ಎಲ್ಲವನ್ನೂ ಹೇಳಿದಳು: ಮೊಳೆ, ಕನ್ನಡಕ, ಬೆರಳು, ಪ್ರೆಸ್ಸು. ಡಾಕ್ಟರು ಕೇಳಿಸಿಕೊಂಡರು. ‘ಕಥೆ ಚೆನ್ನಾಗಿದೆ ಸಿಸ್ಟರ್. ಆದ್ರೆ ಕಥೆ ಮೇಲೆ ನಾನು ಸಹಿ ಹಾಕೋಕಾಗಲ್ಲ’ ಎಂದು ಮೇಷ್ಟ್ರ ಕಡೆ ತಿರುಗಿದರು. ‘ಇವತ್ತು ಯಾವ ವಾರ, ಎಷ್ಟನೇ ತಾರೀಖು ಹೇಳಿ ನೋಡೋಣ.’

‘ಗುರುವಾರ, ಹದಿನೈದು.’

ಮಗಳು ‘ಅಪ್ಪಾ!’ ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಡಾಕ್ಟರು ಪೆನ್ನಿನ ಕ್ಯಾಪು ತೆಗೆದರು.

‘ಸರ್, ಯಾಕೆ ಅಂತ ಒಂದು ಮಾತು ಕೇಳಿ’ ಅಂದಳು ಆಮೇಲಕ್ಕ. ದನಿ ಮೆಲ್ಲಗಿತ್ತು, ಆದರೆ ಅದರಲ್ಲಿ ಜಗ್ಗುವ ಲಕ್ಷಣ ಇರಲಿಲ್ಲ. ‘ನನ್ನ ಕಥೆ ಬೇಡ. ಅವರನ್ನೇ ಕೇಳಿ.’

ಡಾಕ್ಟರು ಗಡಿಯಾರ ನೋಡಿದರು. ಆಕೆಯನ್ನು ನೋಡಿದರು. ‘ಯಾಕೆ ಗುರುವಾರ?’

‘ಬುಧವಾರದ್ದು ಬೆಳಿಗ್ಗೆನೇ ಜನ ಓದಿ ಮಡಚಿಟ್ಟಾಯ್ತಲ್ಲ ಡಾಕ್ಟ್ರೇ. ಇನ್ನು ಜೋಡಿಸ್ಬೇಕಾದ್ದು ಗುರುವಾರದ್ದು. ನಿಮಗೆ ಗೋಡೆ ಮೇಲಿನ ಕ್ಯಾಲೆಂಡರಿನ ಲೆಕ್ಕ ಬೇಕಿದ್ರೆ ಬುಧವಾರ, ಹದಿನಾಲ್ಕು ಅಂತ ಬರ್ಕೊಳ್ಳಿ. ನನ್ನದೇನೂ ಅಭ್ಯಂತರ ಇಲ್ಲ.’

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಆದರೂ ಬಿಡಲಿಲ್ಲ, ಸ್ಟೂಲು ತರಿಸಿಕೊಂಡು ಕೂತರು. ಅವರು ನಮ್ಮ ವಾರ್ಡಿನಲ್ಲಿ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ನೆನಪಿನ ಪರೀಕ್ಷೆಯನ್ನು ಪೂರ್ತಿ ಮಾಡಿದರು. ನೂರರಿಂದ ಏಳೇಳು ಕಳೆಯಿರಿ ಅಂದರೆ ಮೇಷ್ಟ್ರು ಎರಡರವರೆಗೂ ಇಳಿದು ‘ಸಾಕಾ?’ ಅಂದರು. ಒಂದು ಪದವನ್ನು ಹಿಂದಿನಿಂದ ಹೇಳಿ ಅಂದರೆ, ‘ಒಂದೇ ಸಾಕಾ, ವಾಕ್ಯವೇ ಹೇಳಲಾ?’ ಎಂದು ಎದುರು ಗೋಡೆಯ ಆ ಗದ್ದಲದ ಬೋರ್ಡನ್ನು ಪೂರ್ತಿ ಹಿಂದುಮುಂದಾಗಿ ಒಪ್ಪಿಸಿದರು. ಪಕ್ಕದ ಹಾಸಿಗೆಯವರು ಎದ್ದು ಕೂತು ನೋಡುತ್ತಿದ್ದರು. ಮೂವತ್ತಕ್ಕೆ ಇಪ್ಪತ್ತೆಂಟು. ವಾರಕ್ಕೆ ಒಂದು, ತಾರೀಖಿಗೆ ಒಂದು, ಎರಡು ಅಂಕ ಹೋಯಿತು. ‘ನಿಯಮ ಮೇಷ್ಟ್ರೇ, ಕೊಡೋಕೆ ಬರಲ್ಲ’ ಅಂದರು ಡಾಕ್ಟರು. ಅವರೂ ಮೇಷ್ಟ್ರೇ ಅನ್ನತೊಡಗಿದ್ದರು.

ಡಾಕ್ಟರು ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯಲು ಶುರು ಮಾಡಿದರು. ಅವರ ಅಕ್ಷರ ಔಷಧಿ ಅಂಗಡಿಯವರಿಗೇ ತಿಳಿಯುವುದಿಲ್ಲ, ಎರಡು ಸಲ ಫೋನು ಮಾಡಿ ಕೇಳುತ್ತಾರೆ. ಮಗಳು ಅದರತ್ತ ಬಗ್ಗಿ ನೋಡಿದಳು, ಏನೂ ಅರ್ಥವಾಗದೆ ನಮ್ಮ ಮುಖ ನೋಡಿದಳು. ಆಗ ಮೇಷ್ಟ್ರು ದಿಂಬಿಗೆ ಒರಗಿಕೊಂಡೇ, ಪೆನ್ನು ಓಡಿದ ಹಾಗೆ ಗಟ್ಟಿಯಾಗಿ ಓದತೊಡಗಿದರು.

‘ನೆನಪು ಚೆನ್ನಾಗಿದೆ. ಬಿದ್ದದ್ದು ಕನ್ನಡಕದಿಂದ. ಗಾಜು ಬದಲಿಸಬೇಕು.’ ಪೆನ್ನು ನಿಂತಿತು. ಮೇಷ್ಟ್ರೂ ನಿಂತರು. ಪೆನ್ನು ಮತ್ತೆ ಓಡಿತು. ‘ಮನೆಗೆ ಹೋಗಬಹುದು. ಹಗಲು ಒಬ್ಬರೇ ಇರಲು ಅಡ್ಡಿ ಇಲ್ಲ.’

ಸಹಿ ಬೀಳುವ ಮೊದಲೇ ಮಗಳು ಅಪ್ಪನ ಭುಜಕ್ಕೆ ಮುಖ ಒತ್ತಿದಳು. ಪಕ್ಕದ ಹಾಸಿಗೆಯವರು ಚಪ್ಪಾಳೆ ತಟ್ಟಿದರು, ಅವರ ಪಕ್ಕದವರು ಏನು ಎತ್ತ ತಿಳಿಯದೆಯೇ ಜೊತೆಗೂಡಿದರು. ಬೋರ್ಡಿನಲ್ಲಿ ಏನು ಬರೆದಿದ್ದರೂ ಸರಿ, ನಮ್ಮ ವಾರ್ಡಿನಲ್ಲಿ ಅವತ್ತು ಒಳ್ಳೆಯ ಗದ್ದಲವಾಯಿತು. ನಾನು ಅತ್ತುಬಿಟ್ಟೆ. ಅವಮಾನಕ್ಕಲ್ಲ, ಖುಷಿಗೆ. ನನ್ನ ತಪ್ಪು ಒಬ್ಬರ ಮನೆ ಕಿತ್ತುಕೊಳ್ಳುವ ಮೊದಲೇ ಸಿಕ್ಕಿಬಿತ್ತಲ್ಲ ಎಂಬ ಖುಷಿಗೆ.

ಡಾಕ್ಟರು ಎದ್ದು ಆಮೇಲಕ್ಕನನ್ನು ಕೇಳಿದರು: ‘ಇದನ್ನ ಹೊಸ ನರ್ಸುಗಳಿಗೆ ಒಂದು ಗಂಟೆ ಹೇಳಿಕೊಡ್ತೀರಾ?’ ಆಕೆ ಒಪ್ಪಿದಳು. ಮುಂದಿನ ವಾರ ಹೇಳಿಕೊಟ್ಟಳು ಕೂಡ, ಮೂರು ಗಂಟೆ. ಯಾರೂ ಎದ್ದು ಹೋಗಲಿಲ್ಲ. ಈಗ ನಮ್ಮ ಫಾರಮ್ಮಿನ ಮೊದಲ ಸಾಲು ಕಾಯಿಲೆಯದ್ದಲ್ಲ. ‘ಏನು ಕಸುಬು, ಅದನ್ನು ಅವರದೇ ಮಾತಿನಲ್ಲಿ ಬರೆಯಿರಿ’ ಎಂದಿದೆ. ನನಗೆ ಈಗ ಮೂವತ್ತೈದು ನಿಮಿಷ ಹಿಡಿಯುತ್ತದೆ. ನನ್ನ ಹಿಂದೆ ಯಾರಾದರೂ ನನಗೂ ಅಡ್ಡಹೆಸರು ಇಟ್ಟಿರಬಹುದು, ಇಟ್ಟುಕೊಳ್ಳಲಿ.

ಗುರುವಾರ ಬೆಳಿಗ್ಗೆ ನಾನೂ ಆಮೇಲಕ್ಕನೂ ಅವರಿಬ್ಬರನ್ನು ಬಾಗಿಲ ತನಕ ಬಿಟ್ಟುಬಂದೆವು. ಮಗಳಿಗೆ ಕೆಲಸಕ್ಕೆ ಹೊತ್ತಾಗಿತ್ತು. ಬಾಡಿಗೆ ಕಾರಿಗೆ ಅಪ್ಪನನ್ನು ಹತ್ತಿಸಿ ಡ್ರೈವರಿಗೆ ವಿಳಾಸ ಹೇಳಿದಳು. ಒಂದು ಗಳಿಗೆ ಬ್ಯಾಗಿನೊಳಗೆ ಕೈ ಇಟ್ಟುಕೊಂಡು ಹಾಗೇ ನಿಂತಳು. ಆಮೇಲೆ ಮನೆಯ ಕೀಲಿಕೈ ತೆಗೆದು ಅಪ್ಪನ ಬಲಗೈಯಲ್ಲಿಟ್ಟಳು. ಮೇಷ್ಟ್ರು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

‘ನೀನು ಹೊರಡಮ್ಮ. ಬಾಗಿಲು ನಾನೇ ತೆಗೀತೀನಿ’ ಅಂದರು.